ಕಾಲುದಾರಿಗೆ ಯಾವ ಟ್ಯಾಗ್? ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಡಿಗೆಯ ದಾರಿಗಳನ್ನು ವಿಂಗಡಿಸುವ ಬಗೆ

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆ; ಅದರಲ್ಲಿ ಗೆರೆಯ ಬಗೆ, ಗುಣಗಳನ್ನು ಹೇಳುವ ಗುರುತುಪದವೇ ಟ್ಯಾಗ್. ಅಲ್ಲಿ ವಾಹನದ ರಸ್ತೆಗೆ ದರ್ಜೆಯಿದೆ. ಭಾರತದ ಮಟ್ಟಿಗೆ ರಾಷ್ಟ್ರೀಯ ಹೆದ್ದಾರಿ ಟ್ರಂಕ್, ರಾಜ್ಯ ಹೆದ್ದಾರಿ ಪ್ರೈಮರಿ, ಜಿಲ್ಲಾ ಮುಖ್ಯರಸ್ತೆ ಸೆಕೆಂಡರಿ. ಹಾಗೇ ಇಳಿದು ಊರೊಳಗಿನ ಬೀದಿಗೆ ಬಂದರೆ ರೆಸಿಡೆನ್ಶಿಯಲ್. ಯಾವ ರಸ್ತೆ ಮುಖ್ಯ ಎಂಬುದು ಟ್ಯಾಗ್ ನೋಡಿದರೇ ತಿಳಿಯುತ್ತದೆ. ಕಾಲುದಾರಿಗೆ ಈ ಏಣಿ ಇಲ್ಲ. ಫುಟ್‌ವೇ, ಪಾತ್, ಸ್ಟೆಪ್ಸ್, ಪೆಡೆಸ್ಟ್ರಿಯನ್, ಟ್ರ್ಯಾಕ್ ಎಂಬ ಐದು ಹೆಸರು ದಾರಿ ಎಂಥದ್ದು ಎಂದು ಹೇಳುತ್ತವೆಯೇ ಹೊರತು ಎಷ್ಟು ಮುಖ್ಯ ಎಂದಲ್ಲ.

ಗೊಂದಲ ಶುರುವಾಗುವುದು ಇಲ್ಲೇ. ವಾರಾಂತ್ಯಕ್ಕೆ ನೂರಾರು ಜನ ಹತ್ತುವ ಬೆಟ್ಟದ ದಾರಿಯೂ ತೋಟದ ಹಿಂದಿನ ಸವಕಲು ಜಾಡೂ ನಕ್ಷೆಯಲ್ಲಿ ಒಂದೇ ಥರದ ಸಣ್ಣ ಚುಕ್ಕಿಗೆರೆ. ‘ನಮ್ಮ ಬೆಟ್ಟದ ದಾರಿ ಇಷ್ಟು ಸಪ್ಪೆಯಾಗಿ ಕಾಣಬಾರದು’ ಎಂದು ಒಬ್ಬರು ಅದನ್ನು ಟ್ರ್ಯಾಕ್ ಮಾಡುತ್ತಾರೆ, ಇನ್ನೊಬ್ಬರು ಅನ್‌ಕ್ಲಾಸಿಫೈಡ್ (ಸಣ್ಣ ಸಂಪರ್ಕ) ರಸ್ತೆಗೆ ಬಡ್ತಿ ಕೊಡುತ್ತಾರೆ. ಗೆರೆ ದಪ್ಪವಾಗುತ್ತದೆ, ನಿಜ. ಆದರೆ ಅದೇ ದತ್ತಾಂಶವನ್ನು ಓದುವ ಕಾರಿನ ನ್ಯಾವಿಗೇಶನ್ ಆ್ಯಪ್ ಯಾರನ್ನೋ ಆ ದಾರಿಗೆ ತಿರುಗಿಸಿ, ಹಿಂದೆ ಮುಂದೆ ಹೋಗಲಾಗದ ಕಡೆ ತಂದು ನಿಲ್ಲಿಸುತ್ತದೆ. ನಕ್ಷೆ ಚೆನ್ನಾಗಿ ಕಾಣಲೆಂದು ಟ್ಯಾಗ್ ಬದಲಿಸಬಾರದು ಎಂಬುದು ಈ ಯೋಜನೆಯ ಹಳೆಯ ಮಾತು. ಕಾಲುದಾರಿಯ ವಿಷಯದಲ್ಲಿ ಅದು ಮುರಿದಷ್ಟು ಬೇರೆಲ್ಲೂ ಮುರಿಯುವುದಿಲ್ಲ.

ಮುಂದೆ ಓದುವ ಮುನ್ನ ಒಂದು ಮಾತು. ಇಲ್ಲಿ ಟ್ಯಾಗ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ‘=’ ಗುರುತಿನ ಎಡಕ್ಕಿರುವುದು ಕೀ, ಬಲಕ್ಕಿರುವುದು ಅದರ ಬೆಲೆ. ಎಡಿಟರ್‌ನಲ್ಲಿ, ಅಂದರೆ ನಕ್ಷೆ ತಿದ್ದುವ ತಂತ್ರಾಂಶದಲ್ಲಿ, ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಎರಡು ಪದವಿದ್ದರೆ ನಡುವೆ ಅಡಿಗೆರೆ ಹಾಕಿ ಬರೆಯಬೇಕು. ‘ಹೈವೇ’ ಎಂಬ ಕೀ ಹೆದ್ದಾರಿಗೆ ಮಾತ್ರ ಮೀಸಲಲ್ಲ. ಗದ್ದೆಯ ಬದುವಿನ ಜಾಡೂ ಇಲ್ಲಿ ಹೈವೇಯೇ.

ಮೊದಲ ಪ್ರಶ್ನೆ: ನಾಲ್ಕು ಗಾಲಿ ಹೋಗುತ್ತದೆಯೇ?

ಬಗೆ ನಿರ್ಧರಿಸಲು ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಜೀಪೋ ಟ್ರ್ಯಾಕ್ಟರೋ ಹೋಗುವಷ್ಟು ಅಗಲವಿದ್ದು, ಹೊಲ ತೋಟ ಕಾಡಿನ ಕೆಲಸಕ್ಕೆ ಬಳಕೆಯಾಗುತ್ತಿದ್ದರೆ ಹೈವೇ=ಟ್ರ್ಯಾಕ್. ಬಂಡಿದಾರಿ, ಕಾಫಿ ತೋಟದೊಳಗಿನ ಜೀಪಿನ ದಾರಿ, ಅರಣ್ಯ ಇಲಾಖೆಯ ಗಸ್ತು ದಾರಿ ಎಲ್ಲ ಇದರಲ್ಲೇ ಬಂದವು. ಇದೇ ಅಗಲದ ಮಣ್ಣಿನ ದಾರಿ ಒಂದು ಹಳ್ಳಿಗೋ ನಾಲ್ಕು ಮನೆಗೋ ಇರುವ ಏಕೈಕ ರಸ್ತೆಯಾಗಿದ್ದರೆ ಅದು ಟ್ರ್ಯಾಕ್ ಅಲ್ಲ. ಅನ್‌ಕ್ಲಾಸಿಫೈಡ್ ಅಥವಾ ರೆಸಿಡೆನ್ಶಿಯಲ್ ಎಂದು ಹಾಕಿ, ಸರ್ಫೇಸ್=ಅನ್‌ಪೇವ್ಡ್ ಸೇರಿಸಿ. ಡಾಂಬರು ಇಲ್ಲ ಎಂಬ ಒಂದೇ ಕಾರಣಕ್ಕೆ ರಸ್ತೆಯನ್ನು ಟ್ರ್ಯಾಕ್‌ಗೆ ಇಳಿಸಿದರೆ ಆ ಹಳ್ಳಿಗೆ ಹಲವು ಆ್ಯಪ್‌ಗಳು ದಾರಿಯೇ ತೋರಿಸವು.

ಟ್ರ್ಯಾಕ್‌ಗೆ ‘ಗ್ರೇಡ್1’ರಿಂದ ‘ಗ್ರೇಡ್5’ರವರೆಗೆ ಟ್ರ್ಯಾಕ್‌ಟೈಪ್ ಎಂಬ ಉಪಟ್ಯಾಗ್ ಇದೆ. ಸಂಖ್ಯೆ ನೋಡಿ ಇದು ಮಹತ್ವದ ದರ್ಜೆ ಎಂದು ತಿಳಿಯುವವರಿದ್ದಾರೆ. ಅಲ್ಲ. ನೆಲ ಎಷ್ಟು ಗಟ್ಟಿ ಎಂಬುದಷ್ಟೇ ಅದರ ವಿಷಯ: ಗ್ರೇಡ್1 ಎಂದರೆ ಕಾಂಕ್ರೀಟು ಅಥವಾ ಚೆನ್ನಾಗಿ ಬಡಿದು ಕೂರಿಸಿದ ನೆಲ, ಗ್ರೇಡ್5 ಎಂದರೆ ಬರೀ ಮಣ್ಣು ಹುಲ್ಲು, ಒಂದು ಮಳೆ ಬಿದ್ದರೆ ಗಾಲಿ ಹೂಳುವಂಥದ್ದು.

ನಾಲ್ಕು ಗಾಲಿ ಹೋಗದು, ಎರಡು ಗಾಲಿ ಹೋಗುತ್ತದೆ ಎಂಬುದು ನಮ್ಮ ಕಡೆಯ ನಿತ್ಯದ ಸ್ಥಿತಿ. ಮಲೆನಾಡಿನ ಕಾಲುದಾರಿಯಲ್ಲಿ ಬೈಕು ಓಡುತ್ತದೆ. ಪೇಟೆಯ ಸಂದಿಯಲ್ಲಿ ಸ್ಕೂಟರು ನುಗ್ಗುತ್ತದೆ. ಯುರೋಪಿನ ಊರುಗಳನ್ನು ನೋಡಿ ಕಟ್ಟಿದ ಟ್ಯಾಗ್‌ಗಳಿಗೆ ಇದು ಸರಿಯಾಗಿ ಒಗ್ಗುವುದಿಲ್ಲ. ಹೈವೇ=ಪಾತ್ ಹಾಕಿ ಮೋಟಾರ್‌ಸೈಕಲ್=ಯೆಸ್ ಸೇರಿಸುವುದು ಇದ್ದುದರಲ್ಲಿ ಸತ್ಯಕ್ಕೆ ಹತ್ತಿರ; ಅಳೆದಿದ್ದರೆ ವಿಡ್ತ್=1.2 ಎಂದು ಮೀಟರಿನಲ್ಲಿ ಕೊಡಿ. ಕಾರು ಹೋಗದ ಸಂದಿಗೆ ಸರ್ವಿಸ್ ರಸ್ತೆಯ ‘ಆ್ಯಲಿ’ ಹಾಕುವ ರೂಢಿಯೂ ಇದೆ. ಅದು ಕಾರಿನ ರೂಟಿಂಗ್‌ಗೆ (ಆ್ಯಪ್ ದಾರಿ ಹುಡುಕಿಕೊಡುವುದಕ್ಕೆ) ಬಾಗಿಲು ತೆರೆದಂತೆ, ಆದ್ದರಿಂದ ನಮ್ಮ ಶಿಫಾರಸು ಅಲ್ಲ. ಆಟೋ ಹಿಡಿಸುತ್ತದೆ ಕಾರು ಹಿಡಿಸದು ಎಂಬ ನಡುವಿನ ಗಲ್ಲಿಗೆ ಮಾತ್ರ ಆ್ಯಲಿ ಹಾಕಿ, ಜೊತೆಗೆ ಅಗಲವನ್ನು ತಪ್ಪದೆ ನಮೂದಿಸಿ, ಮೋಟಾರ್‌ಕಾರ್=ನೋ ಎಂದೂ ಬರೆಯಿರಿ.

ಫುಟ್‌ವೇಯೋ ಪಾತೋ

ಮ್ಯಾಪರ್‌ಗಳ ನಡುವೆ ಹೆಚ್ಚು ಜಗಳ ಆಗಿರುವುದು ಈ ಜೋಡಿಯ ಮೇಲೆ. ಫುಟ್‌ವೇ ಎಂದರೆ ನಡೆಯುವವರಿಗೆಂದೇ ಮಾಡಿದ ಅಥವಾ ಮೀಸಲಿಟ್ಟ ದಾರಿ: ಲಾಲ್‌ಬಾಗ್, ಕಬ್ಬನ್ ಪಾರ್ಕ್ ಒಳಗಿನ ನಡಿಗೆಯ ದಾರಿಗಳು, ದೇವಸ್ಥಾನದ ಸುತ್ತ ಹಾಸುಗಲ್ಲಿನ ದಾರಿ, ಬಡಾವಣೆಯ ಎರಡು ಬೀದಿಗಳ ನಡುವಿನ ಕಾಂಕ್ರೀಟ್ ಓಣಿ. ಪಾತ್ ಎಂದರೆ ಇಂಥವರಿಗೇ ಎಂದು ಮೀಸಲಿಲ್ಲದ ಇಕ್ಕಟ್ಟು ದಾರಿ: ಬೆಟ್ಟದ ಜಾಡು, ಬೇಣದ ಅಡ್ಡದಾರಿ, ಗದ್ದೆಯ ಬದು.

ಎರಡನ್ನೂ ಬಹುತೇಕ ನಕ್ಷೆಗಳು ಒಂದೇ ಥರ ಬಿಡಿಸುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣದು. ಕಾಣುವುದು ರೂಟಿಂಗ್‌ನಲ್ಲಿ. ಪಾತ್ ಎಂದು ಬರೆದು ಬೇರೇನೂ ಹೇಳದಿದ್ದರೆ ನಡೆಯುವವರು, ಸೈಕಲ್ಲು, ಕುದುರೆ ಮೂವರಿಗೂ ಪ್ರವೇಶವಿದೆ ಎಂದು ಅರ್ಥ. ಫುಟ್‌ವೇ ಎಂದರೆ ನಡೆಯುವವರಿಗೆ ಮಾತ್ರ ಮೀಸಲು. ಸೈಕಲ್ ಆ್ಯಪ್ ಅದನ್ನು ತಪ್ಪಿಸುತ್ತದೆ ಅಥವಾ ‘ಇಳಿದು ತಳ್ಳಿ’ ಎನ್ನುತ್ತದೆ. ಪಾರ್ಕಿನ ದಾರಿಗೆ ಪಾತ್ ಹಾಕಿದರೆ ಸೈಕಲ್ಲಿಗರು ಗೇಟಿನಲ್ಲಿ ಕಾವಲುಗಾರನ ಜೊತೆ ವಾದಕ್ಕೆ ನಿಲ್ಲಬೇಕಾಗುತ್ತದೆ.

ಅನುಮಾನ ಬಂದಾಗ ಬಳಸಬಹುದಾದ ಸರಳ ಒರೆಗಲ್ಲು: ಈ ದಾರಿಯನ್ನು ಯಾರಾದರೂ ಕಟ್ಟಿದ್ದಾರೆಯೇ, ಅಥವಾ ಕಾಲು ಸವೆಸಿ ಆದದ್ದೇ? ಕಟ್ಟಿದ್ದಾದರೆ ಫುಟ್‌ವೇ, ಸವೆದದ್ದಾದರೆ ಪಾತ್. ಇದು ಟ್ಯಾಗ್‌ಗಳನ್ನು ವಿವರಿಸುವ ಯೋಜನೆಯ ವಿಕಿಯ ಅಧಿಕೃತ ವಾಕ್ಯವಲ್ಲ, ಆದರೆ ಹತ್ತರಲ್ಲಿ ಎಂಟು ಕಡೆ ಸರಿ ಬರುತ್ತದೆ. ಉಳಿದೆರಡು ಕಡೆ ಯಾವುದನ್ನು ಹಾಕಿದರೂ ನಷ್ಟವಿಲ್ಲ, ಆದರೆ ಫುಟ್, ಬೈಸಿಕಲ್, ಸರ್ಫೇಸ್ ಈ ಮೂರನ್ನೂ ಬಿಡಿಸಿ ಬರೆದಿರಬೇಕು. ಮುಖ್ಯ ಟ್ಯಾಗ್ ಬಗ್ಗೆ ಒಂದು ವಾರ ಚರ್ಚೆ ಮಾಡಿ ಸರ್ಫೇಸ್ ಬರೆಯದೆ ಬಿಟ್ಟ ದಾರಿಗಳು ಎಷ್ಟೋ ಇವೆ. ಬೇರೆಯವರು ಇಟ್ಟ ಪಾತ್ ಅನ್ನು ಫುಟ್‌ವೇ ಮಾಡುವ, ಫುಟ್‌ವೇಯನ್ನು ಪಾತ್ ಮಾಡುವ ಸಾಮೂಹಿಕ ತಿದ್ದುಪಡಿಗಂತೂ ಕೈ ಹಾಕಬೇಡಿ. ಸ್ಥಳ ನೋಡದೆ ಮಾಡಿದ ಅಂಥ ಬದಲಾವಣೆಯನ್ನು ಇತರರು ಹಿಂದಕ್ಕೆ ತಿರುಗಿಸುತ್ತಾರೆ.

ಮೆಟ್ಟಿಲು, ಪೇಟೆಬೀದಿ, ರಸ್ತೆಬದಿಯ ಪಾದಚಾರಿ ಮಾರ್ಗ

ಮೆಟ್ಟಿಲಿಗೆ ಹೈವೇ=ಸ್ಟೆಪ್ಸ್, ಇದರಲ್ಲಿ ವಾದವಿಲ್ಲ. ವಿಷಯ ಇರುವುದು ತುಂಡು ಮಾಡುವುದರಲ್ಲಿ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು. ಅವನ್ನು ಒಂದೇ ಗೆರೆಯಾಗಿ ಎಳೆದರೆ ನಡುವಿನ ಸಮತಟ್ಟು ಹಾಸುಗಳೂ ನಂದಿಯ ಬಳಿ ವಾಹನದ ರಸ್ತೆ ಬಂದು ಕೂಡುವ ಜಾಗವೂ ಕಳೆದುಹೋಗುತ್ತವೆ. ಏಳೆಂಟು ಮೀಟರಿಗಿಂತ ಉದ್ದದ ಸಮತಟ್ಟು ಭಾಗವನ್ನು ಫುಟ್‌ವೇ ಎಂದು ಬೇರೆ ಮಾಡಿ, ರಸ್ತೆ ಕೂಡುವಲ್ಲಿ ಎರಡಕ್ಕೂ ಒಂದೇ ನೋಡ್ (ಗೆರೆಯ ಮೇಲಿನ ಬಿಂದು) ಇರುವಂತೆ ಜೋಡಿಸಿ. ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ: ಸ್ಟೆಪ್‌ಕೌಂಟ್=1000 ಎಂದು ಮೊದಲು ಬರೆದು ಆಮೇಲೆ ಗೆರೆಯನ್ನು ಕತ್ತರಿಸಿದರೆ ಎಡಿಟರ್ ಆ ಸಂಖ್ಯೆಯನ್ನು ಎರಡೂ ತುಂಡಿಗೆ ನಕಲು ಮಾಡಬಹುದು. ನಾಲ್ಕು ತುಂಡಾದರೆ ಬೆಟ್ಟಕ್ಕೆ ನಾಲ್ಕು ಸಾವಿರ ಮೆಟ್ಟಿಲು! ಮೊದಲು ಕತ್ತರಿಸಿ, ಆಮೇಲೆ ಎಣಿಕೆ ಬರೆಯಿರಿ. ಹ್ಯಾಂಡ್‌ರೈಲ್ ಇದೆಯೇ ಇಲ್ಲವೇ ಎಂಬುದು ವಯಸ್ಸಾದವರಿಗೆ ಎಣಿಕೆಗಿಂತ ಉಪಯೋಗದ ಮಾಹಿತಿ.

ಪೆಡೆಸ್ಟ್ರಿಯನ್ ಎಂಬುದು ರಸ್ತೆಯಷ್ಟು ಅಗಲವಿದ್ದು ವಾಹನ ಬಿಡದ ಬೀದಿಗೆ, ಚೌಕಕ್ಕೆ. ವಾಹನ ನಿಷೇಧ ಕಾಯಂ ಆಗಿರಬೇಕು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಮಾತ್ರ ವಾಹನ ನಿಲ್ಲಿಸಿದ್ದರು. ಅಂಥ ಏರ್ಪಾಟಿಗೆ ಹೈವೇ ಟ್ಯಾಗ್ ಮುಟ್ಟಬಾರದು. ಮೋಟಾರ್‌ವೆಹಿಕಲ್ ಕೀಗೆ ‘ಕಂಡಿಷನಲ್’ ಪ್ರತ್ಯಯ ಹಚ್ಚಿ ವಾರ ಮತ್ತು ಗಂಟೆ ಬರೆದರೆ ಸಾಕು. ರಥಬೀದಿಗಳಿಗೂ ಇದೇ ನ್ಯಾಯ: ತೇರಿನ ದಿನದ ನಿಷೇಧ ಬೀದಿಯ ಬಗೆಯನ್ನು ಬದಲಿಸದು.

ರಸ್ತೆಬದಿಯ ಪಾದಚಾರಿ ಮಾರ್ಗಕ್ಕೆ ಎರಡು ದಾರಿ. ಒಂದು, ರಸ್ತೆಯ ಗೆರೆಗೇ ಸೈಡ್‌ವಾಕ್=ಬೋತ್, ಲೆಫ್ಟ್, ರೈಟ್ ಅಥವಾ ನೋ ಎಂದು ಬರೆಯುವುದು. ಇನ್ನೊಂದು, ಅದನ್ನೇ ಬೇರೆ ಗೆರೆಯಾಗಿ ಎಳೆದು ಹೈವೇ=ಫುಟ್‌ವೇ, ಫುಟ್‌ವೇ=ಸೈಡ್‌ವಾಕ್ ಕೊಡುವುದು. ಎರಡನೆಯದು ನೋಡಲು ಚೆಂದ, ವಿವರಕ್ಕೂ ಜಾಗ ಹೆಚ್ಚು. ಆದರೆ ಅರ್ಧ ಮಾಡಿ ಬಿಟ್ಟರೆ ಮೊದಲನೆಯದಕ್ಕಿಂತ ಕೆಟ್ಟದು. ಬೇರೆ ಗೆರೆ ಎಳೆದ ಮೇಲೆ ಪ್ರತಿ ಕ್ರಾಸಿಂಗ್‌ನಲ್ಲೂ ಫುಟ್‌ವೇ=ಕ್ರಾಸಿಂಗ್ ಎಂಬ ಅಡ್ಡಗೆರೆ ಎಳೆದು, ಅದು ರಸ್ತೆಯನ್ನು ದಾಟುವಲ್ಲಿ ಕ್ರಾಸಿಂಗ್ ನೋಡ್ ಇಟ್ಟು, ರಸ್ತೆಗೆ ಸೈಡ್‌ವಾಕ್=ಸೆಪರೇಟ್ ಎಂದು ತಿದ್ದಬೇಕು. ಒಂದು ಅಡ್ಡಗೆರೆ ತಪ್ಪಿದರೂ ಎದುರಿನ ಅಂಗಡಿಗೆ ಹೋಗಲು ಆ್ಯಪ್ ಅರ್ಧ ಕಿಲೋಮೀಟರ್ ಸುತ್ತಿಸುತ್ತದೆ. ಒಂದು ವಾರ್ಡನ್ನು ಪೂರ್ತಿ ಮುಗಿಸುವ ತಾಳ್ಮೆ ಇದ್ದರೆ ಮಾತ್ರ ಬೇರೆ ಗೆರೆ. ಇಲ್ಲದಿದ್ದರೆ ಮೊದಲನೆಯದೇ ವಾಸಿ.

ಹಾಗಾದರೆ ಮಹತ್ವ ಬರೆಯುವುದೆಲ್ಲಿ?

ಕರಾವಳಿಯ ಕಾಲುಸಂಕವನ್ನೇ ತೆಗೆದುಕೊಳ್ಳಿ. ಹಳ್ಳದ ಮೇಲೆ ಅಡಿಕೆ ಮರ ಹಾಸಿದ್ದು, ಅಗಲ ಒಂದೆರಡು ಅಡಿ. ಮಳೆಗಾಲದಲ್ಲಿ ಆಚೆ ದಡದ ಮನೆಗಳಿಗೂ ಶಾಲೆ ಮಕ್ಕಳಿಗೂ ಅದು ಬಿಟ್ಟರೆ ದಾರಿಯಿಲ್ಲ. ಆ ಊರಿನ ಮಟ್ಟಿಗೆ ಹೆದ್ದಾರಿಗಿಂತ ಮುಖ್ಯ. ಆದರೂ ಅದು ಪಾತ್; ಬ್ರಿಡ್ಜ್=ಯೆಸ್, ಲೇಯರ್=1, ಸರ್ಫೇಸ್=ವುಡ್. ಮಳೆಗಾಲಕ್ಕೆ ಹಾಕಿ ಬೇಸಿಗೆಗೆ ತೆಗೆಯುವಂಥದ್ದಾದರೆ ಸೀಸನಲ್ ಕೂಡ. ಮಹತ್ವ ಇರುವುದು ಹಲಗೆಯಲ್ಲಲ್ಲ, ಅದು ಏನನ್ನು ಏನಕ್ಕೆ ಜೋಡಿಸುತ್ತದೆ ಎಂಬುದರಲ್ಲಿ. ಗೆರೆಗಳು ಸರಿಯಾಗಿ ಕೂಡಿದ್ದರೆ ರೂಟಿಂಗ್ ಆ್ಯಪ್ ಅದನ್ನು ತಾನೇ ಕಂಡುಕೊಳ್ಳುತ್ತದೆ. ಸಂಕದ ತುದಿ ಮನೆಯ ಕಡೆಯ ದಾರಿಗೆ ಅರ್ಧ ಮೀಟರ್ ಮುಟ್ಟದೆ ಉಳಿದರೆ, ಯಾವ ಟ್ಯಾಗೂ ಅದನ್ನು ಉಳಿಸದು. ದಾರಿಯಲ್ಲಿ ತಡಮೆ ಇದ್ದರೆ ಬ್ಯಾರಿಯರ್=ಸ್ಟೈಲ್, ಉಣುಗೋಲಿದ್ದರೆ ಗೇಟ್ ಎಂದು ಆ ನೋಡ್‌ಗೆ ಹಾಕಿ; ಸೈಕಲ್ ತರುವವರಿಗೆ ಗೊತ್ತಾಗಲಿ.

ಹೆಸರುಳ್ಳ, ಜನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವ ದಾರಿಗೆ ಮಾತ್ರ ಮಹತ್ವ ಬರೆಯುವ ನಿಜವಾದ ಜಾಗ ಇದೆ: ರೂಟ್ ರಿಲೇಶನ್. ದಾರಿಯ ತುಂಡುಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿ ಟೈಪ್=ರೂಟ್, ರೂಟ್=ಹೈಕಿಂಗ್ ಕೊಟ್ಟು, ನೆಟ್‌ವರ್ಕ್ ಕೀಯಲ್ಲಿ ವ್ಯಾಪ್ತಿ ಬರೆಯುತ್ತಾರೆ. ಎಲ್‌ಡಬ್ಲ್ಯೂಎನ್ ಎಂದರೆ ಸ್ಥಳೀಯ, ಆರ್‌ಡಬ್ಲ್ಯೂಎನ್ ಪ್ರಾದೇಶಿಕ, ಎನ್‌ಡಬ್ಲ್ಯೂಎನ್ ರಾಷ್ಟ್ರೀಯ, ಐಡಬ್ಲ್ಯೂಎನ್ ಅಂತರರಾಷ್ಟ್ರೀಯ. ವೇಮಾರ್ಕ್ಡ್ ಟ್ರೇಲ್ಸ್ ಎಂಬ ತಾಣ ಈ ನಾಲ್ಕಕ್ಕೆ ಬೇರೆ ಬೇರೆ ಬಣ್ಣ ಕೊಟ್ಟು ತೋರಿಸುತ್ತದೆ. ದಪ್ಪ ಗೆರೆ ಬೇಕೆನ್ನುವವರ ಆಸೆ ಇಲ್ಲಿ ನ್ಯಾಯವಾಗಿಯೇ ತೀರುತ್ತದೆ. ಒಂದು ದಿನದ ಬೆಟ್ಟದ ಚಾರಣ, ಎಷ್ಟೇ ಪ್ರಸಿದ್ಧವಾಗಿರಲಿ, ಎಲ್‌ಡಬ್ಲ್ಯೂಎನ್. ‘ರಾಜ್ಯದಾದ್ಯಂತ ಜನ ಬರುತ್ತಾರೆ’ ಎಂಬುದು ಪ್ರಾದೇಶಿಕ ಎನ್ನಲು ಆಧಾರವಲ್ಲ. ದಾರಿಯೇ ಹಲವು ತಾಲ್ಲೂಕು ಜಿಲ್ಲೆ ದಾಟಬೇಕು.

ರಿಲೇಶನ್‌ನ ಇನ್ನೊಂದು ಅನುಕೂಲ, ಅದಕ್ಕೆ ದಾರಿಯ ಬಗೆ ಮುಖ್ಯವಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ಬಹುಪಾಲು ನಡೆಯುವುದು ಡಾಂಬರು ರಸ್ತೆಯಲ್ಲೇ. ಚಾರ್ಮಾಡಿ ಘಾಟಿಯ ರಸ್ತೆ ಕಾಲುದಾರಿಯಾಗದೆಯೇ ನಡಿಗೆಯ ಮಾರ್ಗದ ಭಾಗವಾಗಬಹುದು. ಆದರೆ ಯಾರೋ ಇಬ್ಬರು ಒಮ್ಮೆ ನಡೆದ ಜಿಪಿಎಸ್ ಜಾಡನ್ನು ರಿಲೇಶನ್ ಮಾಡಬಾರದು. ಫಲಕ, ಬಣ್ಣದ ಗುರುತು, ಇಲಾಖೆಯ ಪ್ರಕಟಣೆ, ಊರವರ ಬಾಯಲ್ಲಿರುವ ಹೆಸರು, ಇವುಗಳಲ್ಲಿ ಒಂದಾದರೂ ಇರಲಿ.

ಹೆಸರನ್ನು ರಿಲೇಶನ್‌ಗೆ ಕೊಡಿ, ಪ್ರತಿ ತುಂಡಿಗಲ್ಲ. ಕನ್ನಡದ ಹೆಸರಿಗೆ ನೇಮ್ ಕೀಯ ಮುಂದೆ ಕೋಲನ್ ಚಿಹ್ನೆ (:) ಹಾಕಿ ಕೆಎನ್ ಎಂಬ ಭಾಷಾ ಸಂಕೇತ ಸೇರಿಸಿ. ‘ಶಾರ್ಟ್‌ಕಟ್’, ‘ಕಷ್ಟದ ದಾರಿ’, ‘ಟ್ರೆಕ್ಕಿಂಗ್ ರೂಟ್’ ಇವು ಹೆಸರಲ್ಲ, ವಿವರಣೆ. ಡಿಸ್ಕ್ರಿಪ್ಶನ್ ಕೀಗೆ ಹೋಗಲಿ.

ಕಷ್ಟ ಬೇರೆ, ಮಹತ್ವ ಬೇರೆ

ಬೆಟ್ಟದ ದಾರಿಗೆ ಸ್ಯಾಕ್‌ಸ್ಕೇಲ್ ಎಂಬ ಟ್ಯಾಗ್ ಇದೆ. ಸ್ವಿಸ್ ಆಲ್ಪೈನ್ ಕ್ಲಬ್‌ನ ಟಿ1ರಿಂದ ಟಿ6ರ ಅಳತೆಯಿಂದ ಬಂದದ್ದು. ಟಿ1, ಅಂದರೆ ಹೈಕಿಂಗ್: ಬೀಳುವ ಭಯವಿಲ್ಲದ ಸ್ಪಷ್ಟ ದಾರಿ. ಟಿ2, ಮೌಂಟನ್ ಹೈಕಿಂಗ್: ಅಲ್ಲಲ್ಲಿ ಕಡಿದು, ಹೆಜ್ಜೆ ನೋಡಿ ಇಡಬೇಕಾದದ್ದು. ಟಿ3ಕ್ಕೆ ಬಂದರೆ ಕೈ ಊರಬೇಕಾಗಬಹುದು, ಪಕ್ಕದಲ್ಲಿ ಪ್ರಪಾತ ಇರಬಹುದು. ಸುಸ್ತಿಗೂ ಇದಕ್ಕೂ ಸಂಬಂಧವಿಲ್ಲ. ದಿನವಿಡೀ ಏರಿದರೂ ದಾರಿ ಸಲೀಸಾಗಿದ್ದರೆ ಅದು ಟಿ1. ನಮ್ಮವರು ಇಲ್ಲಿ ಎಡವುವುದು ಜಾಸ್ತಿ: ಬೆವರು ಇಳಿಯಿತು ಎಂದು ಟಿ4 ಹಾಕುತ್ತಾರೆ, ಎಚ್ಚರಿಕೆಯ ಆ್ಯಪ್‌ಗಳು ಆ ದಾರಿಯನ್ನೇ ಬಿಟ್ಟುಬಿಡುತ್ತವೆ.

ಕುಮಾರಪರ್ವತವನ್ನು ಮಾದರಿಯಾಗಿ ನೋಡೋಣ. ಎತ್ತರ 1712 ಮೀಟರ್, ಪುಷ್ಪಗಿರಿ ವನ್ಯಧಾಮದೊಳಗೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಗಿರಿಗದ್ದೆಯ ಭಟ್ಟರ ಮನೆ, ಕಲ್ಲುಮಂಟಪ, ಶೇಷಪರ್ವತ ದಾಟಿ ತುದಿಗೆ ಒಂದು ದಾರಿ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಇನ್ನೊಂದು. ಪೂರ್ತಿ ದಾರಿಗೆ ಒಂದೇ ಸ್ಯಾಕ್‌ಸ್ಕೇಲ್ ಹಾಕುವುದು ಸೋಮಾರಿತನ. ಕಾಡಿನೊಳಗಿನ ಏರು, ಹುಲ್ಲುಗಾವಲಿನ ಏಣು, ಬಂಡೆಯ ಭಾಗ ಹೀಗೆ ದಾರಿಯ ಗುಣ ಬದಲಾಗುವಲ್ಲೆಲ್ಲ ಗೆರೆ ಕತ್ತರಿಸಿ ಅಲ್ಲಲ್ಲಿಗೆ ತಕ್ಕ ಬೆಲೆ ಕೊಡಿ. ಎರಡು ಕಡೆಯ ದಾರಿಗಳಿಗೆ ಎರಡು ರಿಲೇಶನ್ ಮಾಡಿ; ತುದಿಯ ಭಾಗ ಎರಡರಲ್ಲೂ ಇರಬಹುದು. ಹುಲ್ಲುಗಾವಲಿನಲ್ಲಿ ಜಾಡು ನಾಲ್ಕಾರಾಗಿ ಒಡೆದು ಮತ್ತೆ ಕೂಡುತ್ತದೆ. ಎಲ್ಲವನ್ನೂ ಎಳೆದರೆ ನಕ್ಷೆ ಜಡೆಯಾಗುತ್ತದೆ. ಹೆಚ್ಚು ಸವೆದದ್ದೊಂದನ್ನು ಇಟ್ಟು, ನಿಜವಾಗಿ ಬೇರೆ ಕಡೆ ಹೋಗುವುದನ್ನಷ್ಟೇ ಸೇರಿಸಿ.

ಟ್ರೇಲ್‌ವಿಸಿಬಿಲಿಟಿ, ಅಂದರೆ ಜಾಡು ಎಷ್ಟು ಕಾಣುತ್ತದೆ ಎಂಬುದು ಇನ್ನೊಂದು ಅಳತೆ. ಎಕ್ಸಲೆಂಟ್‌ನಿಂದ ನೋ ವರೆಗೆ ಆರು ಮೆಟ್ಟಿಲು. ಸಾವನದುರ್ಗದಂಥ ಬೋಳುಬಂಡೆಯ ಮೇಲೆ ಇದೇ ಮುಖ್ಯ, ಏಕೆಂದರೆ ಅಲ್ಲಿ ಸವೆಯಲು ಮಣ್ಣೇ ಇಲ್ಲ. ಬಂಡೆಗೆ ಬಾಣದ ಗುರುತು ಬಳಿದಿದ್ದರೆ ಒಂದರಿಂದ ಇನ್ನೊಂದು ಕಾಣುತ್ತದೆಯೇ ನೋಡಿ ಬೆಲೆ ಕೊಡಿ. ಸರ್ಫೇಸ್=ರಾಕ್ ಮರೆಯಬೇಡಿ; ಮಳೆಯಲ್ಲಿ ಜಾರುವ ಬಂಡೆಯ ಬಗ್ಗೆ ಓದುಗನಿಗೆ ಸಿಗುವ ಸುಳಿವು ಅದೊಂದೇ.

ದಾರಿ ಇದೆ, ಹೋಗುವಂತಿಲ್ಲ

2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಲು ಹೊರಟಿತು. ಇಂಥ ದಾರಿಗೆ ಫುಟ್=ಪರ್ಮಿಟ್ ಸರಿಯಾದ ಬೆಲೆ: ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ, ಆದರೆ ಪಡೆದೇ ಹೋಗಬೇಕಾದ ಅನುಮತಿ. ಸಾರ್ವಜನಿಕರಿಗೆ ಪೂರ್ತಿ ನಿಷೇಧವಾದರೆ ಆ್ಯಕ್ಸೆಸ್=ನೋ. ಖಾಸಗಿ ತೋಟದ ಮಾಲೀಕರು ಓಡಾಡಲು ಬಿಟ್ಟಿದ್ದರೆ ಫುಟ್=ಪರ್ಮಿಸಿವ್. ಇಲಾಖೆಯ ಜೀಪಿನ ದಾರಿಗೆ ಟ್ರ್ಯಾಕ್ ಜೊತೆ ಆ್ಯಕ್ಸೆಸ್=ಪ್ರೈವೇಟ್.

ನಿಷೇಧಿತ ದಾರಿಯನ್ನು ನಕ್ಷೆಯಿಂದ ಅಳಿಸಿಬಿಡೋಣ ಎನ್ನುವವರ ಕಾಳಜಿ ಅರ್ಥವಾಗುವಂಥದ್ದೇ. ಆದರೆ ಅಳಿಸಿದ್ದನ್ನು ಮುಂದಿನ ತಿಂಗಳು ಇನ್ನೊಬ್ಬರು ಜಾಡು ನೋಡಿ ಮತ್ತೆ ಎಳೆಯುತ್ತಾರೆ, ಈ ಬಾರಿ ಯಾವ ನಿರ್ಬಂಧವೂ ಇಲ್ಲದೆ. ಗೆರೆ ಇಟ್ಟು ‘ನೋ’ ಬರೆಯುವುದೇ ಹೆಚ್ಚು ಬಾಳಿಕೆ. ಜನ ಸುಮ್ಮನೆ ಹಾಯ್ದು ಆದ ಕಳ್ಳದಾರಿಗೆ ಇನ್‌ಫಾರ್ಮಲ್=ಯೆಸ್ ಸೇರಿಸಿ. ಕಾಡು ಬೆಳೆದು ಮುಚ್ಚಿಹೋದದ್ದಕ್ಕೆ ಹೈವೇ ಕೀಯ ಹಿಂದೆ ‘ಅಬ್ಯಾಂಡನ್ಡ್’ ಪೂರ್ವಪದ ಹಚ್ಚಿದರೆ ಆ್ಯಪ್‌ಗಳು ಅದನ್ನು ದಾರಿ ಎಂದು ಎಣಿಸುವುದಿಲ್ಲ.

ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ‘ನಕಾಶೆ ಕಂಡ ದಾರಿ’ ಇರಬಹುದು, ನೆಲದ ಮೇಲೆ ಅದನ್ನು ಉತ್ತು ಜೋಳ ಹಾಕಿರಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ನೆಲದ ಪರ. ಅಲ್ಲಿ ಹೋಗಿ ನೋಡಿದವರಿಗೆ ಕಾಣದ ದಾರಿಯನ್ನು ಎಳೆಯುವಂತಿಲ್ಲ. ಹಾಗೆಯೇ ಇಲ್ಲಿ ಎಳೆದ ಗೆರೆ ಯಾರಿಗೂ ಓಡಾಡುವ ಹಕ್ಕನ್ನೂ ಕೊಡುವುದಿಲ್ಲ.

ಉಪಗ್ರಹ ಚಿತ್ರ ನೋಡಿ ಕಾಡಿನ ದಾರಿ ಎಳೆಯುವವರಿಗೆ ಮೂರು ಮೋಸ ಕಾದಿವೆ. ಆನೆದಾರಿ ಮೇಲಿನಿಂದ ಅಚ್ಚುಕಟ್ಟಾದ ಕಾಲುದಾರಿಯಂತೆಯೇ ಕಾಣುತ್ತದೆ. ಅದರಲ್ಲಿ ಜನರನ್ನು ನಡೆಸುವುದು ಬೇಡ. ಬೆಂಕಿರೇಖೆ ನೇರವಾಗಿ, ಒಂದೇ ಅಗಲವಾಗಿ ಗುಡ್ಡ ಹತ್ತಿ ಇಳಿಯುತ್ತದೆ; ಅದು ಮ್ಯಾನ್‌ಮೇಡ್=ಕಟ್‌ಲೈನ್. ವಿದ್ಯುತ್ ತಂತಿಯ ಕೆಳಗೆ ಸವರಿದ ಪಟ್ಟಿಯೂ ಹಾಗೆಯೇ. ನಡೆದು ನೋಡದೆ ಇವನ್ನು ಪಾತ್ ಮಾಡಬೇಡಿ.

ಓಟ, ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನ ಹೀಟ್‌ಮ್ಯಾಪ್ (ಅದರ ಬಳಕೆದಾರರು ಹೆಚ್ಚು ಓಡಾಡಿದ ಕಡೆ ಹೊಳೆಯುವ ನಕ್ಷೆ) ನೋಡಿ ಎಳೆಯಲು ಓಪನ್‌ಸ್ಟ್ರೀಟ್‌ಮ್ಯಾಪ್‌ನವರಿಗೆ ಅನುಮತಿ ಇದೆ, ಮರಗಳ ಮರೆಯ ಜಾಡು ಹಿಡಿಯಲು ಒಳ್ಳೆಯದು. ಆದರೆ ಅಲ್ಲಿ ಹೊಳೆಯುವುದು ಫೋನು ವಾಚು ಕಟ್ಟಿಕೊಂಡು ಓಡುವವರ ದಾರಿ ಮಾತ್ರ. ದಿನಾ ಹಾಲು ಹೊತ್ತು ಡೈರಿಗೆ ನಡೆಯುವವರ ದಾರಿ ಅದರಲ್ಲಿ ಕತ್ತಲು. ಹೊಳಪನ್ನು ಮಹತ್ವದ ಅಳತೆ ಮಾಡಿಕೊಳ್ಳಬೇಡಿ, ಅನುಮತಿಯ ಸಾಕ್ಷಿ ಎಂದಂತೂ ಅಲ್ಲವೇ ಅಲ್ಲ. ಗೂಗಲ್ ನಕ್ಷೆಯಿಂದಾಗಲಿ, ಚಾರಣದ ತಾಣಗಳಲ್ಲಿ ಸಿಗುವ ಜಾಡಿನ ಫೈಲುಗಳಿಂದಾಗಲಿ ಒಪ್ಪಿಗೆ ಇಲ್ಲದೆ ನಕಲು ಮಾಡಿದರೆ ಲೈಸೆನ್ಸ್ ಮುರಿದಂತೆ, ಆ ಕೆಲಸವೆಲ್ಲ ಅಳಿಸಿಹೋಗುತ್ತದೆ.

ಸ್ವಂತ ಜಾಡು ಹಿಡಿಯುವುದಾದರೆ ಫೋನಿನ ಜಿಪಿಎಸ್ ಬಯಲಲ್ಲಿ ಐದು ಹತ್ತು ಮೀಟರ್ ಆಚೀಚೆ, ದಟ್ಟ ಕಾಡಿನಲ್ಲಿ, ಕಣಿವೆಯಲ್ಲಿ ಅದಕ್ಕಿಂತ ಹೆಚ್ಚು. ಹೋಗುವಾಗ ಒಂದು, ಬರುವಾಗ ಒಂದು ದಾಖಲಿಸಿ ಎರಡರ ನಡುವೆ ಗೆರೆ ಎಳೆಯಿರಿ. ಉಣ್ಣಲು ಕೂತ ಜಾಗದಲ್ಲಿ ಜಾಡು ದಾರದುಂಡೆಯಾಗಿರುತ್ತದೆ, ಅದನ್ನು ಬಿಟ್ಟುಬಿಡಿ. ರಿಲೇಶನ್ ಮುಗಿಸಿದ ಮೇಲೆ ಜೋಸ್ಮ್ ಎಂಬ ಎಡಿಟರ್‌ನ ರಿಲೇಶನ್ ಕಿಟಕಿಯಲ್ಲಿ ತುಂಡುಗಳನ್ನು ಕ್ರಮಕ್ಕೆ ಜೋಡಿಸಿ ನೋಡಿ. ಬಲಬದಿಯ ಕಂಬಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ದಾರಿಯೂ ತುಂಡಾಗಿದೆ. ಸಾಮಾನ್ಯವಾಗಿ ಅದು ಯಾರೋ ನಡುವೆ ಹೊಸದಾಗಿ ಸೇರಿಸಿದ ಸಂಕವೋ ಮೆಟ್ಟಿಲೋ ಆಗಿರುತ್ತದೆ. ಗುಂಪಿಗೆ ಸೇರಿಸಿ ಮತ್ತೆ ಅಪ್‌ಲೋಡ್ ಮಾಡಿ.